ಎದುರುಗಾಳಿಯ ಹಡಗು

ಗೋಣಿಚೀಲ ಹೊಲಿಯುವಾಗ ನಮ್ಮ ಚಿಕ್ಕಪ್ಪ ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಶಿಕಾರಿಪುರದ ಮಂಡಿಯಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಅದು ಹಡಗಿನ ಹಾಯಿ ಹೊಲಿಯುವವರ ಪದ್ಧತಿ. ಹರೆಯದಲ್ಲಿ ಸೊರಬದಿಂದ ಓಡಿಹೋದವನು ಹೊನ್ನಾವರದ ಹಾಯಿಹಡಗುಗಳಲ್ಲಿ ಹನ್ನೆರಡು ವರ್ಷ ದುಡಿದು ಮರಳಿದ್ದ. ನೆಂಟರು ಮಾತ್ರ ಅವನು ಅಷ್ಟು ದಿನ ಜೈಲಿನಲ್ಲಿದ್ದನೆಂದೇ ಹೇಳುತ್ತಿದ್ದರು.

ಬಿಡುವಾದಾಗ ಇದ್ದಿಲಿನಿಂದ ಚೀಲದ ಮೇಲೆ ಹಡಗು ಬರೆಯುತ್ತಿದ್ದ. ಮೂತಿ ಚಾಚಿದ ಪತ್ತೆಮಾರಿ, ಅದಕ್ಕಿಂತ ಚಿಕ್ಕದಾದ ಮಚವೆ, ಹಿಂಭಾಗ ಮನೆಯಷ್ಟು ಎತ್ತರದ ಅರಬರ ಹಡಗು. ಹೊಗೆಹಡಗನ್ನು ಬರೆಯುತ್ತಿರಲಿಲ್ಲ. "ಅದೊಂದು ಗಿರಣಿ ಮಾರಾಯ, ನೀರಿನ ಮೇಲೆ ತೇಲ್ತದೆ ಅಷ್ಟೆ" ಎನ್ನುತ್ತಿದ್ದ.

ಕರಾವಳಿ ನಮ್ಮ ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಹಡಗುಗಳ ಪಾಠ ಮಾಡಬೇಕಾಯಿತು. ಸಮುದ್ರವನ್ನೇ ಕಾಣದ ಮಾಸ್ತರು ನಾನು. ಚಿಕ್ಕಪ್ಪನನ್ನು ಶಾಲೆಗೆ ಕರೆದೆ. ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು ಬಂದ. ಕೊನೆಗೂ ತನ್ನನ್ನು ನಂಬುವವರು ಸಿಕ್ಕರೆಂಬ ಹಿಗ್ಗು ಅವನಿಗೆ. ಬೋರ್ಡಿನ ತುಂಬ ಪತ್ತೆಮಾರಿ ಬರೆದು, ಗಾಳಿ ಎದುರಿಗಿದ್ದರೂ ಅದು ಓರೆ ಓರೆಯಾಗಿ ಮುಂದೆ ಹೋಗುತ್ತದೆ ಎಂದ.

ಪಾಠ ಕೇಳಲು ಬಂದು ಹಿಂದೆ ಕುಳಿತಿದ್ದ ಊರ ಹಿರಿಯರೊಬ್ಬರು ನಕ್ಕರು. "ಎದುರುಗಾಳಿಗೆ ಭತ್ತ ತೂರಿದ್ರೆ ಹೊಟ್ಟು ಮಕಕ್ಕೇ ಬರ್ತೈತಿ. ಇವ್ರ ಹಡಗೊಂದು ಹೋಗ್ತೈತೇನ್ರೀ, ಮಾಸ್ತರೇ?"

ಮಕ್ಕಳೂ ನಕ್ಕರು. ನನಗೆ ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. "ಇದನ್ನು ಬರೆದುಕೊಳ್ಳಬೇಡಿ" ಎಂದು ನಾನು ಬೋರ್ಡು ಒರೆಸಿಬಿಟ್ಟೆ.

ಅಂಗಳದಲ್ಲಿ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು. "ಅವ್ರು ನಗ್ಲಿ ತಮ್ಮಾ. ನೀ ಯಾಕೆ ಅಳಿಸ್ದೆ?"

ಆಮೇಲೆ ಅವನು ಹಡಗಿನ ಮಾತೆತ್ತಲಿಲ್ಲ. ಮರುವರ್ಷ ಮಂಡಿ ಬಿಟ್ಟು ಸೊರಬಕ್ಕೆ ಹೋದ.

ಎರಡು ವರ್ಷದ ನಂತರ ಹೊನ್ನಾವರಕ್ಕೆ ಹೋಗಿದ್ದೆ. ದಡದಿಂದ ಬೀಸುತ್ತಿದ್ದ ಗಾಳಿಗೆ ಎದುರಾಗಿ ಒಂದು ಪತ್ತೆಮಾರಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಾ, ಓರೆ ಓರೆಯಾಗಿ ಅಳಿವೆಯತ್ತ ಬಂತು. ಅದು ಲಂಗರು ಹಾಕುವವರೆಗೂ ನಿಂತು ನೋಡಿದೆ.

ಅಲ್ಲಿಂದ ನೇರ ಸೊರಬಕ್ಕೆ ಹೋದೆ. ಚಿಕ್ಕಪ್ಪ ಹಾಸಿಗೆ ಹಿಡಿದಿದ್ದ. ಸುತ್ತ ನೆಂಟರು ಕೂತಿದ್ದರು. ನಾನು ಹೊನ್ನಾವರದಿಂದ ಬಂದೆನೆಂದು ತಿಳಿದು ಅವನು ಮೊಣಕೈ ಊರಿ ಅರ್ಧ ಎದ್ದ.

"ಹಡಗು ನೋಡಿದ್ಯಾ?"

ಹೌದೆಂದರೆ ನೋಡಿದ್ದನ್ನೆಲ್ಲ ಹೇಳಬೇಕಿತ್ತು; ಬೋರ್ಡು ಒರೆಸಿದ್ದನ್ನೂ ಅಷ್ಟು ಜನರೆದುರು ಒಪ್ಪಿಕೊಳ್ಳಬೇಕಿತ್ತು. ದೂರದಲ್ಲಿ ಯಾವುದೋ ಒಂದಿತ್ತು, ಸರಿಯಾಗಿ ಕಾಣಲಿಲ್ಲ ಎಂದೆ.

ಅವನು ಊರಿದ ಮೊಣಕೈ ತೆಗೆದು ಮತ್ತೆ ಮಲಗಿದ. ಆಮೇಲೆ, "ಬಸ್ಸಿಗೆ ಹೊತ್ತಾತು, ಹೊರಡು ತಮ್ಮಾ" ಎಂದು ಗೋಡೆಯ ಕಡೆ ಹೊರಳಿದ. ಎಂಟನೆಯ ದಿನ ಸುದ್ದಿ ಬಂತು.