ಮೂಳೆಮಾವನ ಮೂಗು

ಇನ್ನೂ ಬೆಳಕು ಹರಿದಿಲ್ಲ. ಗಲ್ಲಿಯ ಕೊನೆಯಲ್ಲಿರುವ ತಗಡಿನ ಶೆಡ್ಡಿನ ಮುಂದೆ ಸಣ್ಣ ಲಾರಿಯೊಂದು ನಿಂತಿದೆ. ನೀಲಿ ಡ್ರಮ್ಮುಗಳು ಒಂದೊಂದಾಗಿ ಇಳಿಯುತ್ತಿವೆ. ಒಳಗಿರುವುದು ಮಂಜುಗಡ್ಡೆಯ ಚೂರುಗಳ ನಡುವೆ ಮೀನಿನ ತಲೆ, ಬೆನ್ನುಮೂಳೆ, ಬಾಲ. ರಬ್ಬರ್ ಬೂಟು ತೊಟ್ಟ ಐವತ್ತು ದಾಟಿದ ಗಂಡಸೊಬ್ಬರು ಮುಚ್ಚಳ ತೆಗೆದು, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಬಗ್ಗಿ ಮೂಸಿ ನೋಡುವವರು ಅವರ ಹೆಂಡತಿ.

"ಹೂಂ, ಇದನ್ನ ಸುರೀರಿ" ಎನ್ನುತ್ತಾರೆ ಆಕೆ. ಮುಂದಿನದೂ ಪಾಸು. ಅದರಾಚೆಯದರ ಮೇಲೆ ಬಗ್ಗಿದವರು ತಟ್ಟನೆ ಎದ್ದು ಸೆರಗು ಸರಿಮಾಡಿಕೊಳ್ಳುತ್ತಾರೆ. "ಇದು ಬೇಡ."

"ಅಕ್ಕಾ, ಎಲ್ಲಾ ಒಂದೇ ಹೊತ್ತಿಗೆ ತುಂಬಿದ್ದು" ಎಂದು ಗಾಡಿಯವನು ರಾಗ ಎಳೆಯುತ್ತಾನೆ.

"ತುಂಬಿರ್ಬೋದು. ಇದಕ್ಕೆ ಮಂಜುಗಡ್ಡೆ ತಡವಾಗಿ ಬಿದ್ದಿದೆ. ವಾಪಸ್ ತಗೊಂಡು ಹೋಗಪ್ಪ."

ಗಾಡಿಯವನು ಗಂಡನ ಮುಖ ನೋಡುತ್ತಾನೆ. ಅವರು ನಗುತ್ತಾರೆ. "ನನ್ನೇನು ನೋಡ್ತೀಯೋ? ಅವಳು ಬೇಡ ಅಂದ್ರೆ ಬೇಡ."

ಮೀನು ಕಾರ್ಖಾನೆಯವರಿಗೆಲ್ಲ ಇವರು 'ಮೂಳೆಮಾವ'. ಕಾರ್ಖಾನೆಯಲ್ಲಿ ಎರಡೂ ಬದಿಯ ಮಾಂಸ ಬಿಡಿಸಿಕೊಂಡ ಮೇಲೆ ಹೆಚ್ಚುಕಡಿಮೆ ಅರ್ಧ ಮೀನು ಉಳಿದುಬಿಡುತ್ತದೆ. ಮೊದಲು ಅದನ್ನು ಊರಾಚೆಯ ಗುಂಡಿಗೆ ಸುರಿದು ಬರುವ ಗಾಡಿ ಓಡಿಸುತ್ತಿದ್ದವರೇ ಮೂಳೆಮಾವ. "ದಿನಾ ಸುರಿದು ಬರೋವಾಗ ಹೊಟ್ಟೆ ಉರಿಯೋದು. ಮಾಂಸ ಮೆತ್ಕೊಂಡಿರೋ ಮೂಳೆ ಅದು, ಕಸ ಹೆಂಗಾಗುತ್ತೆ?" ಎಂದು ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಆ ಮೂಳೆಯ ಮೊದಲ ಪಾತ್ರೆ ಕುದಿದದ್ದು ಮನೆಯ ಹಿತ್ತಲಿನಲ್ಲಿ. ವಾಸನೆ ತಾಳದೆ ಅಕ್ಕಪಕ್ಕದವರು ಜಗಳಕ್ಕೇ ಬಂದರು. ಆಮೇಲೆ ಈ ಶೆಡ್ಡು.

ಈಗ ದಿನಕ್ಕೆ ಆರೇಳು ಡ್ರಮ್ಮು ಬರುತ್ತದೆ. ತಲೆಗಳ ಕಿವಿರು ಕಿತ್ತು, ರಕ್ತ ಹೋಗುವ ತನಕ ತಣ್ಣೀರಿನಲ್ಲಿ ತೊಳೆದು, ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಮೇಲೆ ಬರುವ ನೊರೆಯನ್ನು ತೆಗೆಯುತ್ತಲೇ ಇರಬೇಕು. ಸೋಸಿದ ರಸ ಬತ್ತಿ, ತಟ್ಟೆಗಳಲ್ಲಿ ಒಣಗಿ, ಹೋಟೆಲುಗಳ ಸೂಪಿಗೆ ರುಚಿ ಕೊಡುವ ಪುಡಿಯಾಗುತ್ತದೆ. ಬೆನ್ನುಮೂಳೆ ಮೆತ್ತಗಾಗುವಂತೆ ಬೆಂದು, ಒಣಗಿ, ಬಿಳಿ ಹಿಟ್ಟಾಗಿ ಮಕ್ಕಳ ಬಿಸ್ಕತ್ತು ಮಾಡುವ ಬೇಕರಿಗೆ ಹೋಗುತ್ತದೆ. ಒಂದು ಡ್ರಮ್ಮು ಮೂಳೆ ಹಿಟ್ಟಾದಾಗ ಬಕೆಟ್ಟೂ ತುಂಬುವುದಿಲ್ಲ.

ಇಷ್ಟೆಲ್ಲದರ ಕಾವಲುಗಾರ ಮೂಗು. ತಲೆಯಾದರೆ ಕಣ್ಣು, ಕಿವಿರು ನೋಡಿ ಹಳತೋ ಹೊಸತೋ ಹೇಳಬಹುದು. ಬರೀ ಬೆನ್ನುಮೂಳೆಗೆ ಕಣ್ಣೂ ಇಲ್ಲ, ಕಿವಿರೂ ಇಲ್ಲ; ಮೂಸಿಯೇ ತಿಳಿಯಬೇಕು. ಕಳೆದ ಚಳಿಗಾಲದಲ್ಲಿ ಜ್ವರ ಬಂದು ಬಿಟ್ಟ ಮೇಲೆ ಮೂಳೆಮಾವ ಕೆಲಸಕ್ಕೆ ಮರಳಿದರು. ಅಂದಿನ ಡ್ರಮ್ಮು ಮೂಸಿ ಖುಷಿಯೋ ಖುಷಿ. "ಆಹಾ, ಏನು ಮಾಲು! ಚೂರೂ ವಾಸನೆಯೇ ಇಲ್ಲ ಅಂದ್ಕೊಂಡೆ. ಗಾಡಿಯವನ ಬೆನ್ನು ಬೇರೆ ತಟ್ಟಿದೆ." ಜ್ವರದ ಜೊತೆಗೆ ತಮ್ಮ ಮೂಗೂ ಹೋಗಿದೆಯೆಂದು ಅವರಿಗೆ ಹೊಳೆಯಲೇ ಇಲ್ಲ.

ಹಿಡಿದದ್ದು ಹೆಂಡತಿ. ಗಂಡನ ಮೈಯ ಮೀನುವಾಸನೆಗೆ ಮದುವೆಯಾದಾಗಿನಿಂದ ಮೂಗು ಮುರಿದವರು ಆಕೆ. ಅಂಗಿಗೆ ಬೇರೆ ಬಕೆಟ್ಟು, ಹೊಸ್ತಿಲು ದಾಟುವ ಮುಂಚೆ ಹಿತ್ತಲಲ್ಲಿ ಸ್ನಾನ, ಇದೆಲ್ಲ ಅವರದೇ ಕಾನೂನು. ಶೆಡ್ಡಿನೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಆ ಸಂಜೆ ಅಂಗಿ ಎತ್ತಿಕೊಂಡವರು ಅಲ್ಲೇ ನಿಂತರು. "ಇಷ್ಟು ವರ್ಷ ಇವ್ರ ಅಂಗಿ ಒಗೆದಿದೀನಿ. ಮೀನಿನ ವಾಸನೆ ಯಾವ್ದು, ಕೊಳೆತಿದ್ದು ಯಾವ್ದು ಗೊತ್ತಾಗಲ್ವಾ? ರೀ, ಇವತ್ತು ಏನು ಬೇಯ್ಸಿದ್ರಿ ಅಂತ ಕೇಳ್ದೆ."

ಹಂಡೆಯಲ್ಲಿದ್ದದ್ದನ್ನೆಲ್ಲ ಗುಂಡಿಗೆ ಸುರಿದರು. "ಮಕ್ಕಳ ಬಾಯಿಗೆ ಹೋಗೋ ಪುಡಿ. ಹೋಗಿಬಿಟ್ಟಿದ್ರೆ?" ಎಂದು ಮೂಳೆಮಾವ ಶೆಡ್ಡಿಗೆ ಬೀಗ ಹಾಕಿ ಮನೆಯಲ್ಲಿ ಕುಳಿತರು. ವಾಸನೆ ವಾಪಸ್ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಬೇರೆಯವರನ್ನು ಇಟ್ಟುಕೊಳ್ಳೋಣವೆಂದರೆ, ಮಕ್ಕಳ ಬಾಯಿಗೆ ಹೋಗುವುದನ್ನು ಯಾರ ಮೂಗಿನ ಮೇಲೆ ನಂಬಿಕೆ ಇಟ್ಟು ಬೇಯಿಸುವುದು? ಕೆಲಸ ಕೈಬಿಟ್ಟೇ ಹೋಯಿತು ಎನ್ನುವಾಗ ಹೆಂಡತಿಯೇ ಬೀಗದ ಕೈ ತೆಗೆದುಕೊಂಡರು. "ಎಷ್ಟು ದಿನ ಅಂತ ಗೋಡೆ ನೋಡ್ತಾ ಕೂರ್ತೀರಿ? ನಡೀರಿ, ನಾನು ಮೂಸ್ತೀನಿ."

ಅಂದಿನಿಂದ ದಿನವೂ ಜೋಡಿ ಹಾಜರಿ. ಪರಿಮಳದ ಸೋಪನ್ನು ಆಕೆ ಬಿಟ್ಟಿದ್ದಾರೆ. ಡ್ರಮ್ಮು ನೋಡಿ ಮುಗಿಯುವ ತನಕ ಕಾಫಿಯನ್ನೂ ಮುಟ್ಟುವುದಿಲ್ಲ. ಹಾಗೆಂದು ಗೊಣಗಾಟವೇನೂ ನಿಂತಿಲ್ಲ. "ಇವ್ರ ಮೂಗು ಸರಿಹೋಗ್ಲಿ, ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಲ್ಲ ನಾನು" ಎನ್ನುತ್ತಲೇ ನೊರೆ ತೆಗೆಯುತ್ತಾರೆ. ಗಂಡ ತಲೆಯಾಡಿಸುತ್ತ ಉರಿ ಸಣ್ಣದು ಮಾಡುತ್ತಾರೆ. ಇಬ್ಬರೂ ಇಡೀ ದಿನ ಹೀಗೆಯೇ ಏನಾದರೊಂದು ಮಾತಾಡುತ್ತಿರುತ್ತಾರೆ.

ಬಿಸಿಲೇರಿದೆ. ರಸದ ತಟ್ಟೆಗಳನ್ನೆಲ್ಲ ಒಣಗಲು ಇಟ್ಟಾಗಿದೆ. ಡಾಕ್ಟರು ಹೇಳಿಕೊಟ್ಟ ಅಭ್ಯಾಸವೊಂದಿದೆ: ಲವಂಗ, ನಿಂಬೆಸಿಪ್ಪೆ ದಿನವೂ ಮೂಸಬೇಕು. ಮೂಳೆಮಾವ ಡಬ್ಬಿ ತೆರೆದು ಕಣ್ಣು ಮುಚ್ಚುತ್ತಾರೆ.

"ಏನಾದ್ರೂ ಬಂತಾ?" ನಲ್ಲಿಯ ಹತ್ತಿರ ಸೋಸುವ ಬಟ್ಟೆ ಹಿಂಡುತ್ತಿರುವ ಹೆಂಡತಿ ಕೂಗಿ ಕೇಳುತ್ತಾರೆ.

"ಇಲ್ವೇ."

ಆಕೆ ಬಟ್ಟೆ ಹರವಲು ಆಚೆ ಹೋದ ಮೇಲೆ ಮೂಳೆಮಾವ ದನಿ ತಗ್ಗಿಸುತ್ತಾರೆ. "ಸುಳ್ಳು ಹೇಳ್ದೆ. ಮೊನ್ನೆಯಿಂದ ಲವಂಗ ಗೊತ್ತಾಗ್ತಿದೆ. ಇವತ್ತು ಮೀನೂ ಒಂಚೂರು ಬಂತು."

ಹಾಗಾದರೆ ಹೇಳಬಾರದೇ? ಇದು ಪೇಪರಿನಲ್ಲಿ ಬಂದರೆ ಆಕೆ ಓದುವುದಿಲ್ಲವೇ? ಎಂದು ಕೇಳುತ್ತೇನೆ.

"ಓದ್ತಾಳೆ. ಓದ್ಲಿ ಅಂತಾನೇ ಹೇಳ್ತಿರೋದು" ಎನ್ನುತ್ತಾರೆ ಮೂಳೆಮಾವ, ಡಬ್ಬಿಯ ಮುಚ್ಚಳ ಹಾಕುತ್ತ. "ಎದುರು ನಿಂತು ಕೇಳೋಕೆ ನಂಗೆ ಬಾಯಿ ಬರಲ್ಲ. ನೀವೇ ಬರ್ದುಬಿಡಿ. ಮೂಗು ಬಂದ್ಮೇಲೂ ನೀನು ಬರ್ತಾ ಇರು, ಅಂತ."