ಮೇಸ್ತ್ರಿಯ ಬಾಯಿ
ಮೇಸ್ತ್ರಿಗೆ ಬಾಯಿ ಒಂದೇ, ನಾಲಿಗೆ ಮಾತ್ರ ಆಳಿಗೊಂದು. ಹೊಸಬನಿಗೆ ಕರಣೆ ಹಿಡಿಯುವುದರಿಂದ ಹಿಡಿದು ಎಲ್ಲ ಹೇಳಿಕೊಡುತ್ತಾನೆ. ಸೋಮಾರಿಗೆ, "ಗೋಡೆ ತಾನಾಗೇ ಎದ್ದು ನಿಲ್ಲುತ್ತೇನಯ್ಯಾ?" ಎಂದು ಚಳಿ ಬಿಡಿಸುತ್ತಾನೆ. ಕಂಬಿ ಕಟ್ಟುವ ಹೆಂಗಸಿಗೆ, "ನಿಮಗೆ ಗೊತ್ತಲ್ಲಕ್ಕಾ" ಎಂದಷ್ಟೇ ಅಂದು ಅತ್ತ ತಲೆಯೂ ಹಾಕುವುದಿಲ್ಲ. ತಾರಸಿ ಹಾಕುವ ದಿನ ಯಾರ ಸಲಹೆಯೂ ನಡೆಯದು. ಅವನು ಕೂಗಿದರೆ ಕಾಗೆಗಳೂ ಸಾಲಾಗಿ ಕೂರುತ್ತವೆ. ಅವನಿಗೆ ಕೆಲಸ ಕಲಿಸಿದ ಮುದುಕ, ಕಣ್ಣು ಮಂಜಾದ ಮೇಲೆ, ಈಗ ಅವನ ಕೈಕೆಳಗೇ ಇದ್ದಾನೆ. ದಿನದ ಕೊನೆಯ ಎರಡು ಸಾಲು ಇಟ್ಟಿಗೆ ಮುದುಕನಿಗೇ ಮೀಸಲು. "ನೆಟ್ಟಗಿದೆಯೇನೋ?" ಎಂದು ಅವನು ಕೇಳಿದರೆ, ಮೇಸ್ತ್ರಿ ಗೋಡೆಯ ನೇರ ಅಳೆಯುವ ತೂಕದ ಗುಂಡನ್ನು ಜೇಬಿಗಿಳಿಸಿ, "ನೀವು ಕಟ್ಟಿದ್ದನ್ನ ನಾನು ನೋಡೋದಾ ಗುರುಗಳೇ?" ಎನ್ನುತ್ತಾನೆ. ಮುದುಕ ರಸ್ತೆಯ ತಿರುವು ದಾಟಿದ ಮೇಲೆ, ಗಾರೆ ಇನ್ನೂ ಹಸಿಯಿರುವಾಗಲೇ, ಆ ಎರಡೂ ಸಾಲು ಬಿಚ್ಚಿ, ಬಾಯಿ ಬಿಡದೆ, ಅವನು ಕಲಿಸಿದ ಹಾಗೆಯೇ ಮತ್ತೆ ಕಟ್ಟುತ್ತಾನೆ.