ಕೊನೆಯ ಓವರಿಗೆ ಎದ್ದುಹೋದ ಶಿವಮಲ್ಲಪ್ಪನವರು

ಭಾರತ ಕ್ರಿಕೆಟ್ ತಂಡ ಗೆದ್ದಾಗಲೆಲ್ಲ ಪತ್ರಿಕೆಗಳು ಏನೇನೋ ಕಾರಣ ಕೊಡುತ್ತವೆ. ಟಾಸು ಅನ್ನುತ್ತವೆ, ಪಿಚ್ಚು ಅನ್ನುತ್ತವೆ, ಇಬ್ಬನಿ ಅನ್ನುತ್ತವೆ. ಮೈಸೂರಿನ ಸಿದ್ಧಾರ್ಥನಗರದ ಒಂದು ಅಡ್ಡರಸ್ತೆಯ ಜನ ಮಾತ್ರ ಇದನ್ನೆಲ್ಲ ಓದಿ ನಕ್ಕು ಪತ್ರಿಕೆ ಮಡಿಚಿಡುತ್ತಾರೆ. ನಿಜವಾದ ಕಾರಣ ಅವರಿಗೆ ಗೊತ್ತು. ಪಂದ್ಯ ಬಿಗಿಯಾದಾಗ ಊದುಬತ್ತಿ ಅಂಗಡಿಯ ಶಿವಮಲ್ಲಪ್ಪನವರು ಎದ್ದು ಹೊರಗೆ ಹೋಗುತ್ತಾರೆ; ಆದ್ದರಿಂದ ಭಾರತ ಗೆಲ್ಲುತ್ತದೆ.

ನೋಡಿದರೆ ದೇಶದ ಭಾರ ಹೊತ್ತವರಂತೆ ಕಾಣುವ ಆಳಲ್ಲ. ಅರವತ್ತು ದಾಟಿದ ಗುಂಡುಗುಂಡಾದ ಮೈ, ಹಣೆಯಲ್ಲಿ ವಿಭೂತಿ, ತೋಳು ಮಡಿಚಿದ ಬಿಳಿ ಅಂಗಿ. ಅವರ ತಂದೆ ಮಠಕ್ಕೆ ವಿಭೂತಿ, ಕರ್ಪೂರ ಒದಗಿಸುತ್ತಿದ್ದರು. ಮಗ ಅದಕ್ಕೆ ಊದುಬತ್ತಿ ಸೇರಿಸಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಅಂಗಡಿ ಹಾಕಿದರು. ನಲವತ್ತು ವರ್ಷ ಅದರೊಳಗೇ ಕೂತು ಅವರ ಮೈಯೇ ಒಂದು ಊದುಬತ್ತಿಯಾಗಿದೆ. ಅವರು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತರೆ ಜನ ಕಾಲು ಮಡಿಚಿ, ಸ್ವಲ್ಪ ಭಕ್ತಿಯಿಂದ ಸರಿದು ಕೂರುತ್ತಾರೆ.

ಈ ಸಾಧು ಪ್ರಾಣಿಗೆ ಇದ್ದ ಒಂದೇ ಚಟ ಕ್ರಿಕೆಟ್ಟು. ಮೈಸೂರಿಗೂ ಅಂತರರಾಷ್ಟ್ರೀಯ ಕ್ರೀಡಾಂಗಣ ಬರುತ್ತದೆ ಎಂಬ ಸುದ್ದಿ ನಮ್ಮಲ್ಲಿ ಆಗಾಗ ಬರುತ್ತಿರುತ್ತದೆ. ಕ್ರೀಡಾಂಗಣ ಮಾತ್ರ ಬರುವುದಿಲ್ಲ. ಹಾಗಾಗಿ ದೊಡ್ಡ ಪಂದ್ಯವೆಂದರೆ ಬೆಂಗಳೂರಿನ ಚಿನ್ನಸ್ವಾಮಿ. ಜೊತೆಗೆ ಕೆಸರೆಯ ಜವರಯ್ಯ. ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ ಈ ಮನುಷ್ಯ ಶಿವಮಲ್ಲಪ್ಪನವರ ಅಂಗಡಿಗೆ ಟ್ಯೂಬ್‌ಲೈಟ್ ಹಾಕಲು ಬಂದು ಅವರ ಆಜೀವ ಗೆಳೆಯನಾಗಿ ಉಳಿದವನು.

ಎಂಬತ್ತೇಳರಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟಿನ ಕೊನೆಯ ದಿನ ಇಬ್ಬರೂ ಅಲ್ಲಿದ್ದರು. ತಿರುಗುವ ಪಿಚ್ಚಿನ ಮೇಲೆ ಗಾವಸ್ಕರ್ ತೊಂಬತ್ತಾರು ಹೊಡೆದು ಔಟಾದರು. ಭಾರತ ಹದಿನಾರು ರನ್ನಿನಿಂದ ಸೋತಿತು. ಶಿವಮಲ್ಲಪ್ಪನವರು ಕೊನೆಯ ವಿಕೆಟ್ ಬೀಳುವವರೆಗೂ ಕೂತಿದ್ದರು. ಅವರು ಕೂತಿದ್ದೇ ತಪ್ಪಾಯಿತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮಹಾ ಸಿದ್ಧಾಂತಗಳು ಹುಟ್ಟುವುದಕ್ಕೆ ಕಾಲ ಬೇಕು.

ಆ ಕಾಲ ಬಂದದ್ದು ತೊಂಬತ್ತಾರರ ಅಕ್ಟೋಬರಿನಲ್ಲಿ. ಮತ್ತೆ ಅದೇ ಚಿನ್ನಸ್ವಾಮಿ, ಎದುರಾಳಿ ಆಸ್ಟ್ರೇಲಿಯಾ. ಇನ್ನೂರ ಹದಿನಾರು ರನ್ ಬೇಕಿತ್ತು. ತೆಂಡೂಲ್ಕರ್ ಔಟಾದರು, ಸ್ಕೋರು ನೂರಾ ಅರವತ್ನಾಲ್ಕಕ್ಕೆ ಎಂಟು. ಇಡೀ ದೇಶ ಟಿವಿ ಆರಿಸಿತು. ಶಿವಮಲ್ಲಪ್ಪನವರು ಎದ್ದು ಚಪ್ಪಲಿ ಮೆಟ್ಟಿದರು.

“ನಡಿಯಯ್ಯ ಜವರಯ್ಯ, ಮೈಸೂರು ಬಸ್ಸು ತಪ್ಪುತ್ತೆ. ದಸರಾ ಜನ, ಬೆಳಿಗ್ಗೆ ಬೇಗ ಅಂಗಡಿ ತೆಗೀಬೇಕು.”

“ಕೂತ್ಕಳಿ ಸಾವ್ಕಾರ್ರೇ. ನಮ್ಮೂರ್ ಹುಡುಗ ಶ್ರೀನಾಥ ಬ್ಯಾಟ್ ಹಿಡ್ಕಂಡ್ ನಿಂತವ್ನೆ, ನೀವು ಎದ್ದೋಯ್ತೀರಲ್ಲ!”

“ಅವರು ಬಾಲ್ ಹಾಕೋರು ಕಣಯ್ಯ. ಬ್ಯಾಟ್ ಹಿಡಿದ್ರೆ ಎಷ್ಟೊತ್ತು ನಿಲ್ತಾರೆ?”

ಜವರಯ್ಯ ಗೊಣಗುತ್ತಲೇ ಹಿಂದೆ ಹೊರಟ. ಇವರು ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಎದ್ದಿತು. ಬಸ್ಸು ಹತ್ತಿದಾಗ ಚಾಲಕನ ರೇಡಿಯೋದಲ್ಲಿ ಕುಂಬ್ಳೆ, ಶ್ರೀನಾಥ್ ಇಬ್ಬರೂ ಇನ್ನೂ ಆಡುತ್ತಿದ್ದರು. ಕೆಂಗೇರಿ ದಾಟುವ ಹೊತ್ತಿಗೆ ಭಾರತ ಗೆದ್ದಿತ್ತು. ಮೈಸೂರಿನ ಮಗ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾವನ್ನು ಬಗ್ಗಿಸಿದಾಗ, ಅದನ್ನು ನೋಡಲೆಂದೇ ಟಿಕೆಟ್ ಕೊಂಡಿದ್ದ ಇಬ್ಬರು ಮೈಸೂರಿನವರು ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಕುಲುಕಾಡುತ್ತಿದ್ದರು.

ರಾಮನಗರದವರೆಗೆ ಜವರಯ್ಯ ಪಂದ್ಯದ ಟಿಕೆಟ್ಟನ್ನೇ ತಿರುಗಿಸಿ ತಿರುಗಿಸಿ ನೋಡಿದ. ಮದ್ದೂರು ಬಂದಾಗ ಅವನ ಮುಖ ಇದ್ದಕ್ಕಿದ್ದಂತೆ ಬೆಳಗಿತು.

“ಸಾವ್ಕಾರ್ರೇ, ಈಗ ಗೊತ್ತಾಯ್ತು! ಎಂಬತ್ತೇಳ್ರಲ್ಲಿ ಕೂತಿದ್ರಿ, ಸೋತ್ವು. ಇವತ್ತು ಎದ್ರಿ, ಗೆದ್ವು. ನೀವು ಎದ್ದೋಗಿದ್ಕೇ ಗೆದ್ದಿದ್ದು!”

ನ್ಯೂಟನ್ನನ ತಲೆಗೆ ಸೇಬು ಬಿದ್ದಂತೆ ಜವರಯ್ಯನ ತಲೆಗೆ ಮದ್ದೂರು ಬಿತ್ತು. ಗೆಳೆಯನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಶಿವಮಲ್ಲಪ್ಪನವರೂ ನಕ್ಕರು. ಒಂದು ವಾರದಲ್ಲಿ ಬೀದಿಯೆಲ್ಲ ನಕ್ಕಿತು. ಒಂದು ವರ್ಷದಲ್ಲಿ ಯಾರೂ ನಗುತ್ತಿರಲಿಲ್ಲ.

ಅಂದಿನಿಂದ ಪಂದ್ಯ ಬಿಗಿಯಾದರೆ ಸಾಕು, ಅವರದೇ ಮನೆಯಲ್ಲಿ ಅವರದೇ ಟಿವಿಯ ಮುಂದೆ ಕೂತ ನೆರೆಹೊರೆಯವರು ಮೆಲ್ಲಗೆ ಅವರತ್ತ ತಿರುಗುತ್ತಿದ್ದರು. ಬಾಯಿಬಿಟ್ಟು ಹೇಳುವ ಕೆಲಸ ಹೆಂಡತಿ ಸಿದ್ದಲಿಂಗಮ್ಮನವರದು. “ರೀ, ಹೋಗಿ ಬನ್ನಿ ಅತ್ಲಾಗೆ. ಆಮೇಲೆ ಕಾಫಿ ಕೊಡ್ತೀನಿ.” ಶಿವಮಲ್ಲಪ್ಪನವರು ಟವಲು ಹೆಗಲಿಗೆ ಹಾಕಿಕೊಂಡು ವನವಾಸಕ್ಕೆ ಹೊರಡುತ್ತಿದ್ದರು. ಅರಣ್ಯವೆಂದರೆ ಬೀದಿಯ ಕೊನೆಯ ಹೊಂಗೆ ಮರ. ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತದೆ, ಟಿವಿ ಕಾಣುವುದಿಲ್ಲ.

ಎರಡು ಸಾವಿರದ ಹನ್ನೊಂದರ ವಿಶ್ವಕಪ್ಪು. ಚಿನ್ನಸ್ವಾಮಿಯಲ್ಲಿ ಭಾರತ ಮುನ್ನೂರ ಮೂವತ್ತೆಂಟು ಹೊಡೆದರೂ ಇಂಗ್ಲೆಂಡಿನವರು ಸಂತೆಗೆ ಹೊರಟವರ ಹಾಗೆ ಆರಾಮಾಗಿ ಬೆನ್ನಟ್ಟುತ್ತಿದ್ದರು. ಶಿವಮಲ್ಲಪ್ಪನವರನ್ನು ಹೊರಗೆ ಕಳಿಸಲಾಯಿತು. ಪಟಪಟನೆ ವಿಕೆಟ್ ಬಿದ್ದವು. ಕೊನೆಯ ಚೆಂಡಿನ ಹೊತ್ತಿಗೆ ಪಾಪ, ತಡೆಯಲಾರದೆ ಬಂದು ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಇಣುಕಿದರು. ಪಂದ್ಯ ಟೈ ಆಯಿತು. ಜವರಯ್ಯ ಆ ಎರಡು ಕಾಲುಗಳನ್ನು ಎಲ್ಲರಿಗೂ ತೋರಿಸಿದ. “ನೋಡ್ರಪ್ಪ, ಇದ್ಕಿಂತ ಸಾಕ್ಷಿ ಬೇಕಾ? ಎರಡು ಕಾಲೂ ಆಚೆ ಇಟ್ಟಿದ್ರೆ ಗೆಲ್ತಿದ್ವು.”

ಹದಿನಾರರಲ್ಲಿ ಅದೇ ಮೈದಾನದಲ್ಲಿ ಬಾಂಗ್ಲಾದೇಶಕ್ಕೆ ಮೂರು ಚೆಂಡಿಗೆ ಎರಡೇ ರನ್ ಸಾಕಾಗಿತ್ತು. ಶಿವಮಲ್ಲಪ್ಪನವರು ಯಾರೂ ಹೇಳದೆಯೇ ಮರದ ಕೆಳಗಿದ್ದರು. ಮೂರು ಚೆಂಡಿಗೂ ವಿಕೆಟ್ ಬಿದ್ದು ಭಾರತ ಒಂದು ರನ್ನಿನಿಂದ ಗೆದ್ದಿತು. ಬೀದಿಯವರು ಪಟಾಕಿ ಹಚ್ಚುತ್ತಾ ಬಂದು ಅವರಿಗೆ ಹಾರ ಹಾಕಿದರು. ಹಾರದೊಳಗಿನಿಂದ ಅವರು ಕೇಳಿದ್ದು ಒಂದೇ. “ಹೆಂಗಾಯ್ತು? ಯಾರಾದ್ರೂ ಸರಿಯಾಗಿ ಹೇಳ್ರಪ್ಪ.”

ಎಲ್ಲರೂ ಒಟ್ಟಿಗೆ ಹೇಳಿದರು. ಒಂದೂ ಅರ್ಥವಾಗಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಸಿದ್ದಲಿಂಗಮ್ಮ ಸೌಟು ಹಿಡಿದು ಕೊನೆಯ ಓವರನ್ನು ಆಡಿ ತೋರಿಸಿದರು. ಗಂಡನನ್ನು ಹೊರಗೆ ಅಟ್ಟಿದ ಪಾಪಕ್ಕೆ ಅವರು ಮಾಡಿಕೊಳ್ಳುತ್ತಿದ್ದ ಪ್ರಾಯಶ್ಚಿತ್ತ ಇದು. ತಮ್ಮ ದೇಶದ ಇಪ್ಪತ್ತು ವರ್ಷದ ಗೆಲುವುಗಳನ್ನೆಲ್ಲ ಶಿವಮಲ್ಲಪ್ಪನವರು ನೋಡಿದ್ದು ಸೌಟಿನಲ್ಲೇ.

ಅವರು ಮರದ ಕೆಳಗಿದ್ದೂ ಭಾರತ ಸೋತದ್ದಿಲ್ಲವೇ? ಬೇಕಾದಷ್ಟಿದೆ. ಅದಕ್ಕೆಲ್ಲ ಜವರಯ್ಯನ ಬಳಿ ಉತ್ತರವಿತ್ತು. ತಡವಾಗಿ ಹೋದರು, ಮನಸ್ಸಿಲ್ಲದೆ ಹೋದರು, ಹೋದವರು ಪಕ್ಕದ ಮನೆ ಕಿಟಕಿಯಲ್ಲಿ ಇಣುಕಿದರು. ಅಂತೂ ತಪ್ಪು ಅವರದೇ.

ಹೀಗೇ ನಡೆದುಹೋಗುತ್ತಿತ್ತು, ಲಾಸ್ಯ ಇಲ್ಲದಿದ್ದರೆ. ಲಾಸ್ಯ ಅವರ ಮಗಳ ಮಗಳು. ಕಾಲೇಜು ಓದಲು ತಾತನ ಮನೆಯಲ್ಲೇ ಇದ್ದಾಳೆ, ಕಾಲೇಜು ತಂಡಕ್ಕೆ ಆಫ್ ಸ್ಪಿನ್ ಹಾಕುತ್ತಾಳೆ. ಬೆರಳಿಗೆ ಚೆಂಡು ಸುತ್ತುವುದನ್ನು ಅವಳಿಗೆ ಮೊದಲು ಕಲಿಸಿದ್ದೇ ತಾತ, ಅಂಗಡಿಯಲ್ಲಿ, ಒಂದು ದೊಡ್ಡ ಕರ್ಪೂರದ ಉಂಡೆ ಹಿಡಿದು. ಮಹಾರಾಜ ಕಾಲೇಜು ಮೈದಾನದಲ್ಲಿ ಅವಳ ಫೈನಲ್ ನಡೆದ ದಿನ ತಾತನೂ ಜವರಯ್ಯನೂ ಮೆಟ್ಟಿಲ ಮೇಲೆ ಕೂತಿದ್ದರು. ಕೊನೆಯ ಓವರಿಗೆ ನಾಯಕಿ ಚೆಂಡನ್ನು ಲಾಸ್ಯಳ ಕೈಗೆ ಕೊಟ್ಟಳು. ಶಿವಮಲ್ಲಪ್ಪನವರು ಪ್ರೀತಿಯಿಂದ, ಮೊಮ್ಮಗಳ ಒಳಿತಿಗಾಗಿ, ಎದ್ದು ಹೋದರು.

ಲಾಸ್ಯ ವಿಕೆಟ್ ಕಿತ್ತಳು, ಪಂದ್ಯ ಗೆದ್ದಳು. ಎರಡೂ ಕೈ ಮೇಲೆತ್ತಿ ಮೆಟ್ಟಿಲಿನ ಕಡೆ ತಿರುಗಿದಳು. ಅಲ್ಲಿ ಜವರಯ್ಯ ಒಬ್ಬನೇ ಕುಣಿಯುತ್ತಿದ್ದ.

ತಾತ ಬೇಲಿಯ ಆಚೆಯಿಂದ ಓಡಿ ಬಂದರು. “ಗೆದ್ದೆಯಾ ಪುಟ್ಟಿ?”

“ತಾತ, ನೀವು ಎದ್ದು ಹೋಗಿದ್ದಕ್ಕೆ ಗೆದ್ದಿದ್ದಾ ನಾನು?”

“ಹಂಗೇನಿಲ್ಲ ಕಣಮ್ಮ, ಆದ್ರೂ…”

“ಹಂಗಾದ್ರೆ ಬಾಲ್ ಯಾಕೆ ಹಾಕ್ಬೇಕಿತ್ತು? ನಾನೂ ನಿಮ್ಜೊತೆ ಬೇಲಿ ಆಚೆ ನಿಂತ್ಕೋಬಹುದಿತ್ತಲ್ಲ.”

ಈ ಮಾತು ಶಿವಮಲ್ಲಪ್ಪನವರಿಗೆ ನಾಟಿತು. ಮೂರು ದಿನ ಲಾಸ್ಯ ತಾತನ ಜೊತೆ ಊಟಕ್ಕೆ ಕೂರಲಿಲ್ಲ. ನಾಲ್ಕನೆಯ ದಿನ ತಾನೇ ಬಂದು ಷರತ್ತು ಹಾಕಿದಳು. ಜೂನಿನಲ್ಲಿ ಚಿನ್ನಸ್ವಾಮಿಯಲ್ಲಿ ಭಾರತದ ಹೆಣ್ಣುಮಕ್ಕಳಿಗೂ ದಕ್ಷಿಣ ಆಫ್ರಿಕಾಕ್ಕೂ ಪಂದ್ಯವಿದೆ, ಇಬ್ಬರೂ ಹೋಗೋಣ. “ಕೊನೇ ಬಾಲ್‌ವರೆಗೂ ನನ್ನ ಪಕ್ಕ ಕೂತಿರ್ಬೇಕು. ಸೋತ್ರೂ ಪರವಾಗಿಲ್ಲ. ನಂಜೊತೆ ಕೂತು ಸೋಲಿ.”

ತಾತ ವಿಭೂತಿ ಮುಟ್ಟಿ ಮಾತು ಕೊಟ್ಟರು. ಜವರಯ್ಯನಿಗೆ ಸಿಡಿಲು ಬಡಿದಂತಾಯಿತು. “ದೇಶ ಎತ್ಲಾಗ್ ಹೋಗ್ಬೇಕು ಸಾವ್ಕಾರ್ರೇ?”

“ದೇಶಕ್ಕೆ ನೂರು ಕೋಟಿ ಜನ ಅವ್ರೆ ಕಣಯ್ಯ. ಇವಳಿಗೆ ತಾತ ಒಬ್ನೇ.” ಇಷ್ಟು ಚೆನ್ನಾದ ಮಾತನ್ನು ಅವರು ಹಿಂದೆಂದೂ ಆಡಿರಲಿಲ್ಲ. ಆಡಿದ ಮೇಲೆ ಅವರಿಗೇ ಹೆಮ್ಮೆಯಾಗಿ, ಎರಡು ಸಲ ಸಿದ್ದಲಿಂಗಮ್ಮನವರಿಗೂ ಹೇಳಿದರು.

ಆ ದಿನದ ಪಂದ್ಯವನ್ನು ನೋಡಿದವರು ಮರೆಯಲಾರರು. ಎರಡೂ ಕಡೆ ಸೇರಿ ನಾಲ್ಕು ಶತಕ. ಭಾರತ ಮುನ್ನೂರ ಇಪ್ಪತ್ತೈದು. ಸ್ಮೃತಿ ಮಂಧಾನ ಬ್ಯಾಟಿಂಗಿನಲ್ಲಿ ಶತಕ ಹೊಡೆದದ್ದಲ್ಲದೆ ಚೆಂಡನ್ನೂ ತೆಗೆದುಕೊಂಡು ಒಂದು ವಿಕೆಟ್ ಕಿತ್ತಾಗ ಲಾಸ್ಯ ಕುರ್ಚಿಯ ಮೇಲೆ ನಿಂತು ಕೂಗಿದಳು. ತಾತನೂ ಕೂಗಿದರು. ಗಂಟಲು ಕಟ್ಟುವ ಹಾಗೆ, ಎಷ್ಟೋ ವರ್ಷದ ಬಾಕಿಯನ್ನೆಲ್ಲ ಕೂಗಿದರು. ಮೈಸೂರಿನಿಂದ ಜವರಯ್ಯನ ಕರೆ ಬರತೊಡಗಿದಾಗ ಲಾಸ್ಯ ತಾತನ ಫೋನು ಕಸಿದು ಆರಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಇನ್ನು ಅವರನ್ನು ಎಬ್ಬಿಸುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಕೊನೆಯ ಓವರು. ಆರು ಚೆಂಡಿಗೆ ಹನ್ನೊಂದು ರನ್. ಎದುರಿಗೆ ಶತಕ ಹೊಡೆದು ನಿಂತ ದಕ್ಷಿಣ ಆಫ್ರಿಕಾದ ನಾಯಕಿ. ಶಿವಮಲ್ಲಪ್ಪನವರು ಕುರ್ಚಿಯ ಎರಡು ಕೈಗಳನ್ನೂ ಬಿಗಿಯಾಗಿ ಹಿಡಿದರು. ಪಕ್ಕದಲ್ಲಿ ಲಾಸ್ಯ ಉಗುರು ಕಚ್ಚುತ್ತಿದ್ದಳು. ಆ ಮುಖ ನೋಡಿದರು. ಸೋತರೆ ಈ ಮುಖ ಬಾಡುತ್ತದೆ, ಅದು ತನ್ನಿಂದ ಬಾಡುತ್ತದೆ. ಮೊಣಕಾಲುಗಳು ಯಾರ ಅಪ್ಪಣೆಯನ್ನೂ ಕೇಳದೆ ತಾವೇ ಎದ್ದವು.

“ಒಂದ್ ನಿಮಿಷ ಪುಟ್ಟಿ. ಬಾತ್‌ರೂಮು.”

“ತಾತ, ಕೂತ್ಕೊಳಿ.” ಅವಳು ಮೈದಾನದಿಂದ ಕಣ್ಣು ತೆಗೆಯದೆ ಅವರ ಅಂಗಿ ಹಿಡಿದಳು. ಅಷ್ಟರಲ್ಲಿ ಜನ ಹೋ ಎಂದರು. ಅವಳ ಕೈ ಸಡಿಲವಾಯಿತು. ಅವರು ಜಾರಿಕೊಂಡರು.

ಸ್ಟ್ಯಾಂಡಿನ ಹಿಂದೆ, ಮೆಟ್ಟಿಲ ಕೆಳಗೆ, ಕುಡಿಯುವ ನೀರಿನ ನಲ್ಲಿಯ ಪಕ್ಕ ಗೋಡೆಗೆ ಮುಖ ಮಾಡಿ ನಿಲ್ಲಲು ಹೋದರು. ಜಾಗವಿರಲಿಲ್ಲ. ಅಲ್ಲಿ ಆಗಲೇ ಮೂವರು ನಿಂತಿದ್ದರು. ಕಿವಿಗೆ ಬೆರಳಿಟ್ಟುಕೊಂಡ ಒಬ್ಬ ದಪ್ಪನೆಯ ಮನುಷ್ಯ, ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದ ಒಬ್ಬ ಹೆಂಗಸು, ಕೆನ್ನೆಗೆ ಬಾವುಟದ ಬಣ್ಣ ಬಳಿದುಕೊಂಡ ಒಬ್ಬ ಯುವಕ.

ಮೇಲೆ ಕೂಗು ಎದ್ದಿತು. ದಪ್ಪನೆಯವರು ಬೆರಳು ತೆಗೆದರು. “ವಿಕೆಟ್ಟು! ನಾನು ಬಂದೆ ನೋಡಿ, ಬಿತ್ತು.”

“ಅದು ನಂದು ಕಣ್ರೀ,” ಎಂದರು ಹೆಂಗಸು, ಕಣ್ಣು ತೆಗೆಯದೆಯೇ. “ನೀವು ಬಂದು ಎಷ್ಟೊತ್ತಾಯ್ತು! ನಾನೀಗ ಬಂದೆ.”

ಶಿವಮಲ್ಲಪ್ಪನವರು ದಂಗಾಗಿ ನೋಡಿದರು. “ನೀವೆಲ್ಲ… ಅದಕ್ಕೇ ಬಂದಿರೋದಾ?”

“ಮತ್ತೆ ಗಾಳಿ ತಗೊಳಕ್ಕಾ?” ಎಂದರು ದಪ್ಪನೆಯವರು. “ನಮ್ದು ತುಮಕೂರು. ನಾನು ನೋಡಿದ್ರೆ ಗೆಲ್ಲಲ್ಲ ಸಾರ್. ತೊಂಬತ್ತೊಂಬತ್ತರಿಂದ ಆಚೇನೇ ಇದೀನಿ. ನೀವು?”

“ತೊಂಬತ್ತಾರು.”

“ಅಯ್ಯೋ, ಸೀನಿಯರ್ರು!” ಎಂದು ಆ ಮನುಷ್ಯ ನಿಜವಾಗಿಯೂ ಬಗ್ಗಿ ಅವರ ಕಾಲು ಮುಟ್ಟಿದರು.

ಇನ್ನೊಂದು ವಿಕೆಟ್. ಕೊನೆಯ ಚೆಂಡಿಗೆ ಐದು ರನ್ ಎಂದು ಯುವಕ ಹೇಳಿದ. ಆಮೇಲೆ ಕಾಂಕ್ರೀಟೇ ನಡುಗುವಂಥ ಕೂಗು. ಭಾರತ ನಾಲ್ಕು ರನ್ನಿನಿಂದ ಗೆದ್ದಿತ್ತು. ನಾಲ್ವರೂ ಅಪ್ಪಿಕೊಂಡರು, ಪರಸ್ಪರ ಅಭಿನಂದಿಸಿದರು. ಗೆಲುವು ತನ್ನದೇ ಎಂಬ ಗುಟ್ಟಿನ ನಗು ಪ್ರತಿಯೊಬ್ಬರ ಮುಖದಲ್ಲೂ ಇತ್ತು, ಶಿವಮಲ್ಲಪ್ಪನವರ ಮುಖ ಬಿಟ್ಟು.

ಅವರು ಲೆಕ್ಕ ಹಾಕುತ್ತಿದ್ದರು. ಈ ಒಂದು ಮೆಟ್ಟಿಲ ಕೆಳಗೇ ಇಷ್ಟು ಜನ. ಆಚೆ ಸ್ಟ್ಯಾಂಡಿನ ಮೆಟ್ಟಿಲ ಕೆಳಗೂ ಇದ್ದಾರು. ಊರೂರಿನ ಮರದ ಕೆಳಗೂ ನಿಂತಿದ್ದಾರು. ಇಷ್ಟೊಂದು ಜನ ಎದ್ದು ಬಂದಿರುವಾಗ, ತಾನೊಬ್ಬ ಕೂತಿದ್ದರೂ ದೇಶಕ್ಕೆ ಏನೂ ಆಗುತ್ತಿರಲಿಲ್ಲ.

ಲಾಸ್ಯ ಮೆಟ್ಟಿಲಿಳಿದು ಬಂದಳು. ಕೂಗಿ ಕೂಗಿ ಅವಳ ದನಿ ಹೋಗಿತ್ತು. ನಾಲ್ವರನ್ನೂ ಒಮ್ಮೆ ನೋಡಿದಳು, ಎಲ್ಲ ಅರ್ಥವಾಯಿತು. ತಾತ ನಗಲು ಪ್ರಯತ್ನಿಸಿದರು.

“ಕೊನೇ ಬಾಲು ಹೆಂಗಿತ್ತು ಪುಟ್ಟಿ?”

“ಚೆನ್ನಾಗಿತ್ತು ತಾತ,” ಎಂದಳು. ಬ್ಯಾಗಿನಿಂದ ಫೋನು ತೆಗೆದು ಅವರ ಕೈಗೆ ಕೊಟ್ಟಳು.

ಆ ಚೆಂಡನ್ನು ಶಿವಮಲ್ಲಪ್ಪನವರು ಆಮೇಲೆ ಮೊಬೈಲಿನಲ್ಲಿ ಅದೆಷ್ಟೋ ಸಲ ನೋಡಿದ್ದಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲಿ ಕೂತು ಈಗಲೂ ನೋಡುತ್ತಾರೆ. ಬೌಲರ್ ಓಡಿ ಬರುತ್ತಾಳೆ, ಚೆಂಡು ಬೀಳುತ್ತದೆ, ಮೈದಾನ ಎದ್ದು ನಿಲ್ಲುತ್ತದೆ. ಜನರ ಸಾಲಿನಲ್ಲಿ ಲಾಸ್ಯ ಎಲ್ಲಾದರೂ ಕಾಣುತ್ತಾಳೇನೋ ಎಂದು ಕನ್ನಡಕ ಹಣೆಗೇರಿಸಿ ಹುಡುಕುತ್ತಾರೆ. ಕಾಣುವುದಿಲ್ಲ.

ಮೊನ್ನೆ ಅವಳ ಕಾಲೇಜಿನ ಇನ್ನೊಂದು ಪಂದ್ಯವಿತ್ತು. ಬೆಳಿಗ್ಗೆ ಶೂ ಕಟ್ಟಿಕೊಳ್ಳುತ್ತಿದ್ದವಳ ಮುಂದೆ ತಾತ ನಿಂತು, ಈ ಸಲ ಖಂಡಿತ ಕೂತಿರುತ್ತೇನೆ, ಬೇಕಾದರೆ ಜವರಯ್ಯನ ಕೈಲಿ ಹಗ್ಗದಲ್ಲಿ ಕಟ್ಟಿಸಿಕೊಳ್ಳುತ್ತೇನೆ ಎಂದರು. ಅವಳು ನಕ್ಕಳು. ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಎದ್ದು ಅವರ ಅಂಗಿಯ ಕಾಲರು ಸರಿಮಾಡಿದಳು.

“ಬನ್ನಿ ತಾತ. ಯಾವಾಗ ಬೇಕಾದ್ರೂ ಎದ್ದು ಹೋಗಿ. ನಂಗೇನೂ ಬೇಜಾರಿಲ್ಲ.”